ಅಪ್ಪ-ಅಮ್ಮನಿಗೆ ಕಂಪ್ಯೂಟರ್ ಕೊಡಿಸುವಾಗ: ಕಾಸರಗೋಡಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಊರಿನ ಮನೆಗೆ ಹೊಸ ಲ್ಯಾಪ್‌ಟಾಪ್ ಬಂದ ಮೊದಲ ಎರಡು ದಿನ ಎಲ್ಲ ಸರಿ ಇರುತ್ತದೆ. ತಂದುಕೊಟ್ಟ ಮಗನೋ ಮಗಳೋ ರಜೆ ಮುಗಿಸಿ ಬೆಂಗಳೂರಿಗೋ ದುಬೈಗೋ ಹೊರಟ ಮೇಲೆ ಒಂದು ದಿನ ಪರದೆಯ ಮೇಲೆ ಯಾವುದೋ ಇಂಗ್ಲಿಷ್ ಪ್ರಶ್ನೆ ಎದ್ದು ನಿಲ್ಲುತ್ತದೆ. ಒತ್ತಿದರೆ ಹಾಳಾದೀತೆಂದು ಅಪ್ಪ ಅದನ್ನು ಮುಚ್ಚಿಡುತ್ತಾರೆ. ಮತ್ತೆ ತೆರೆಯುವುದು ಮುಂದಿನ ರಜೆಗೆ. ಯಂತ್ರದಲ್ಲಿ ದೋಷವಿಲ್ಲ, ಅಪ್ಪನಲ್ಲೂ ಇಲ್ಲ. ಆ ಪ್ರಶ್ನೆ ಬಂದಾಗ ಕರೆದರೆ ಬರುವವರು ಯಾರು ಎಂಬುದನ್ನು ಕೊಳ್ಳುವ ಮೊದಲು ಯೋಚಿಸಿರುವುದಿಲ್ಲ, ಅಷ್ಟೆ.

ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಕನ್ನಡದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದ್ದೇವೆ. ಮನೆಯೊಳಗೆ ತುಳುವೋ ಹವ್ಯಕವೋ ಕೊಂಕಣಿಯೋ, ಓದುವುದು ಕನ್ನಡ, ಕಚೇರಿಯಿಂದ ಬರುವ ಕಾಗದ ಮಲಯಾಳ. ಮಳೆಗಾಲದಲ್ಲಿ ಸಿಡಿಲು, ಕರೆಂಟಿಲ್ಲದ ಸಂಜೆಗಳು. ಅಂಗಡಿಯವರು ಹೇಳುವ ಸಲಹೆಯಲ್ಲಿ ಇವು ಯಾವುವೂ ಬರುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಒಂದು ವಾರ

"ಕಂಪ್ಯೂಟರಿನಲ್ಲಿ ನಿಮಗೆ ಏನು ಬೇಕು?" ಎಂದು ಕೇಳಿದರೆ "ನನಗೆಂಥದ್ದೂ ಬೇಡ" ಎಂಬ ಉತ್ತರವೇ ಬರುವುದು. ಹಾಗೆ ಕೇಳುವ ಬದಲು ಒಂದು ವಾರ ಅವರ ದಿನಚರಿ ನೋಡಿ, ಒಂದು ಹಾಳೆಯಲ್ಲಿ ಬರೆದಿಡಿ. ರಾತ್ರಿ ಯೂಟ್ಯೂಬಿನಲ್ಲಿ ತಾಳಮದ್ದಳೆ ಕೇಳುತ್ತಾರೆಯೇ? ಮೊಮ್ಮಕ್ಕಳ ಜೊತೆ ವಿಡಿಯೋ ಕರೆ ಎಷ್ಟು ಬಾರಿ? ಅಡಿಕೆಯ ದರ ಎಲ್ಲಿ ನೋಡುತ್ತಾರೆ? ತೋಟದ ಲೆಕ್ಕ ಪುಸ್ತಕದಲ್ಲಿ ಬರೆಯುತ್ತಾರೆಯೇ? ದೇವಸ್ಥಾನದ ಸಮಿತಿಗೋ ಸಂಘಕ್ಕೋ ಪತ್ರ ಬರೆದುಕೊಡುವವರು ಅವರೇ ಆಗಿದ್ದಾರೆಯೇ?

ಪಟ್ಟಿಯಲ್ಲಿ ನೋಡುವುದು, ಕೇಳುವುದು, ಮಾತನಾಡುವುದೇ ಹೆಚ್ಚಿದ್ದರೆ ಟ್ಯಾಬ್ಲೆಟ್ ಸಾಕು. ವಾರಕ್ಕೆ ಒಂದು ಪುಟವಾದರೂ ಬರೆಯುವವರಿಗೆ, ಲೆಕ್ಕ ಇಡುವವರಿಗೆ ಕೀಬೋರ್ಡ್ ಇರುವ ಯಂತ್ರವೇ ಬೇಕು. ಗಾಜಿನ ಮೇಲೆ ಉದ್ದದ ಪತ್ರ ಟೈಪ್ ಮಾಡಿಸುವುದು ಹಿಂಸೆ.

ಕೆಲವು ಕೆಲಸಗಳು ಕಂಪ್ಯೂಟರಿಗೆ ಸೇರಿದವಲ್ಲ ಎಂಬುದೂ ಮೊದಲೇ ತಿಳಿದಿರಲಿ. ಪಿಂಚಣಿಯ ಜೀವನ ಪ್ರಮಾಣಪತ್ರ 2014ರಿಂದ ಡಿಜಿಟಲ್ ಆಗಿದೆ. 2021ರಿಂದ ಮುಖ ತೋರಿಸಿಯೂ ಮಾಡಬಹುದು. ಆದರೆ ಅದಕ್ಕೆ ಬೇಕಾದದ್ದು ಒಳ್ಳೆಯ ಮುಂಬದಿ ಕ್ಯಾಮೆರಾ (ಕನಿಷ್ಠ 5 ಮೆಗಾಪಿಕ್ಸೆಲ್) ಇರುವ ಸ್ಮಾರ್ಟ್‌ಫೋನ್. ಲ್ಯಾಪ್‌ಟಾಪಿನ ಕ್ಯಾಮೆರಾದ ಮುಂದೆ ಕೂತರೆ ಆಗುವುದಿಲ್ಲ. ಯುಪಿಐ ಕೂಡ ಫೋನಿನದ್ದೇ. ಇವೆರಡಕ್ಕಾಗಿ ಯಾರಾದರೂ ಲ್ಯಾಪ್‌ಟಾಪ್ ಕೊಳ್ಳಲು ಹೊರಟಿದ್ದರೆ ಆ ಹಣವನ್ನು ಫೋನಿಗೆ ಹಾಕುವುದೇ ಸರಿ. ಭೂಕಂದಾಯ, ಅರ್ಜಿ, ಸರ್ಟಿಫಿಕೇಟುಗಳ ಕೆಲಸಕ್ಕೆ ಸರಕಾರಿ ಸೇವೆಗಳನ್ನು ಮಾಡಿಕೊಡುವ ಅಕ್ಷಯ ಕೇಂದ್ರ ಇದ್ದೇ ಇದೆ. 'ಇನ್ನು ಎಲ್ಲ ಮನೆಯಲ್ಲೇ ಮಾಡಿ' ಎಂದು ಹೊರೆ ಹೊರಿಸಬೇಡಿ.

ಯಾವ ಸಿಸ್ಟಮ್? ಸಹಾಯಕ್ಕೆ ಬರುವವರನ್ನು ಕೇಳಿ

ಸಿಸ್ಟಮ್ ಎಂದರೆ ಯಂತ್ರವನ್ನು ನಡೆಸುವ ಮೂಲ ಸಾಫ್ಟ್‌ವೇರ್. ಅದು ವಿಂಡೋಸೋ ಲಿನಕ್ಸೋ ಐಪ್ಯಾಡೋ ಎಂಬ ಚರ್ಚೆ ಇಂಟರ್‌ನೆಟ್ಟಿನಲ್ಲಿ ಮುಗಿಯುವಂಥದ್ದಲ್ಲ. ವಯಸ್ಸಾದವರ ಮನೆಯಲ್ಲಿ ಅದಕ್ಕೆ ಉತ್ತರ ಸುಲಭ: ನಡೆದುಕೊಂಡು ಬರುವಷ್ಟು ಹತ್ತಿರ ಇರುವವರಲ್ಲಿ ಯಾರಿಗೆ ಯಾವುದು ಗೊತ್ತೋ ಅದು. ದೂರದಲ್ಲಿರುವ ನೀವು ಎಷ್ಟೇ ಜಾಣರಾದರೂ, ವೈಫೈ ಕಡಿದು ಹೋದ ದಿನ ನಿಮ್ಮಿಂದ ಏನೂ ಮಾಡಲಾಗದು. ಪಕ್ಕದ ಮನೆಯ ಒಂಬತ್ತನೇ ತರಗತಿಯ ಹುಡುಗಿಯಿಂದ ಆಗುತ್ತದೆ.

ಆ ಹುಡುಗಿಗೆ ಏನು ಗೊತ್ತಿರುತ್ತದೆ ನೋಡಿ. ಕೇರಳದ ಸರಕಾರಿ, ಅನುದಾನಿತ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಉಬುಂಟು ಎಂಬ ಲಿನಕ್ಸನ್ನು ಆಧರಿಸಿ ರಾಜ್ಯ ಸರಕಾರದ 'ಕೈಟ್' ಸಂಸ್ಥೆ ರೂಪಿಸಿದ ಗ್ನೂ/ಲಿನಕ್ಸಿನಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಬಳಸಿ ಬೆಳೆದವರು. ಹಾಗಾಗಿ ಬೇರೆ ಊರುಗಳಲ್ಲಿ 'ಲಿನಕ್ಸ್ ಯಾರಿಗೆ ಗೊತ್ತು' ಎಂದು ಬದಿಗಿಡುವ ಮಾತು ಇಲ್ಲಿ ಸಲ್ಲುವುದಿಲ್ಲ. ಬ್ರೌಸರು, ವಿಡಿಯೋ, ಪತ್ರ ಬರೆಯುವುದು ಇಷ್ಟೇ ಆದರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿದ ಯಂತ್ರ ವರ್ಷಗಟ್ಟಲೆ ಒಂದೇ ರೂಪದಲ್ಲಿ ಇರುತ್ತದೆ, ವೈರಸ್ಸಿನ ಕಾಟವೂ ಕಡಿಮೆ. ಮಿಂಟ್ 22ಕ್ಕೆ 2029ರವರೆಗೆ ಸುರಕ್ಷತಾ ಅಪ್‌ಡೇಟ್ ಇದೆ. ಟ್ಯಾಲಿಯಂಥ ಲೆಕ್ಕದ ಸಾಫ್ಟ್‌ವೇರ್ ಬಳಸುವವರಿಗೆ, ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೆಯ ಫೈಲುಗಳ ರಾಶಿ ಇರುವ ನಿವೃತ್ತ ಮೇಷ್ಟ್ರಿಗೆ ಮಾತ್ರ ವಿಂಡೋಸೇ ಬೇಕು.

ಕ್ರೋಮ್‌ಬುಕ್ (ಗೂಗಲ್ ಸಿಸ್ಟಮ್ ಇರುವ ಲ್ಯಾಪ್‌ಟಾಪ್) ಕೂಡ ಒಳ್ಳೆಯ ಆಯ್ಕೆ, ಹಾಳುಮಾಡುವುದೇ ಕಷ್ಟ. ಕೊಳ್ಳುವಾಗ ಆ ಮಾದರಿಗೆ ಅಪ್‌ಡೇಟ್ ಯಾವ ವರ್ಷದವರೆಗೆ ಎಂದು ನೋಡಿಕೊಳ್ಳಿ. ಗೂಗಲ್ ಹತ್ತು ವರ್ಷ ಕೊಡುವುದು ನಿಜ, ಆದರೆ ಆ ಲೆಕ್ಕ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ಆ ಮಾದರಿಯ ಮೂಲ ವಿನ್ಯಾಸ ಮಾರುಕಟ್ಟೆಗೆ ಬಂದ ದಿನದಿಂದ. ಐಪ್ಯಾಡಿನ ಪರದೆ, ಬಾಳಿಕೆ ಎರಡೂ ಚೆನ್ನ. ಮನೆಯಲ್ಲಿ ಇನ್ನೊಬ್ಬರ ಕೈಯಲ್ಲಿ ಐಫೋನ್ ಇದ್ದರೆ ಮಾತ್ರ ತೆಗೆದುಕೊಳ್ಳಿ. ಅಪ್ಪನ ಫೋನ್ ಆಂಡ್ರಾಯ್ಡ್ ಆಗಿದ್ದರೆ ಟ್ಯಾಬ್ಲೆಟ್ಟೂ ಆಂಡ್ರಾಯ್ಡೇ ಇರಲಿ. ಎರಡು ಬಗೆಯ ಗುಂಡಿಗಳನ್ನು ನೆನಪಿಟ್ಟುಕೊಳ್ಳುವ ಕಷ್ಟ ಯಾಕೆ?

ಆಕಾರ

ಟ್ಯಾಬ್ಲೆಟ್ ಆದರೆ 10ರಿಂದ 11 ಇಂಚು, ಜೊತೆಗೆ ಭಾರದ ಒಂದು ಸ್ಟ್ಯಾಂಡ್. ಸ್ಟ್ಯಾಂಡ್ ಇಲ್ಲದಿದ್ದರೆ ಅರ್ಧ ಕಿಲೋ ತೂಕವನ್ನು ಎಡಗೈಯಲ್ಲಿ ಹಿಡಿದೇ ವಿಡಿಯೋ ಕರೆ ಮಾಡಬೇಕು; ಕೈ ಸೋಲುತ್ತದೆ, ಹೆಬ್ಬೆರಳು ತಾಗಿ ಕರೆ ಕಡಿಯುತ್ತದೆ, ಮೊಮ್ಮಗನಿಗೆ ಕಾಣುವುದು ಮನೆಯ ಮಾಡು ಮಾತ್ರ.

ಕೀಬೋರ್ಡ್ ಬೇಕಿದ್ದ ಮನೆಗೆ ನಮ್ಮ ಸಲಹೆ: 15.6 ಇಂಚಿನ ಲ್ಯಾಪ್‌ಟಾಪ್, ಅದಕ್ಕೆ ವೈರಿರುವ ಸಾದಾ ಮೌಸ್. ಸಾಧ್ಯವಾದರೆ 24 ಇಂಚಿನ ಮಾನಿಟರ್, ಬೇರೆ ಕೀಬೋರ್ಡ್. ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್ ಆಗುತ್ತದೆ, ಕೆಟ್ಟರೆ ಚೀಲದಲ್ಲಿ ಹಾಕಿ ಮಂಗಳೂರಿಗೋ ಕಾಸರಗೋಡಿಗೋ ಒಯ್ಯಬಹುದು. ವೈರ್‌ಲೆಸ್ ಮೌಸ್ ಬೇಡ. ಸೆಲ್ ಮುಗಿದಾಗ 'ಕಂಪ್ಯೂಟರ್ ಹಾಳಾಗಿದೆ' ಎಂದೇ ಫೋನ್ ಬರುತ್ತದೆ.

ಆಲ್-ಇನ್-ಒನ್ ಯಂತ್ರಗಳಲ್ಲಿ ವೈರು ಕಡಿಮೆ, ನೋಡಲೂ ಚಂದ. ಆದರೆ ಒಳಗೆ ಬ್ಯಾಟರಿ ಇಲ್ಲ, ಒಂದು ಭಾಗ ಕೆಟ್ಟರೆ ಇಡೀ ಯಂತ್ರವನ್ನು ಹೊರಬೇಕು. ಅಡಿಕೆ ತೋಟದ ನಡುವಿನ ಮನೆಗೆ ಅದು ಒಗ್ಗುವುದಿಲ್ಲ.

ಅಂಗಡಿಯಲ್ಲಿ: ಕಣ್ಣು, ಬೆರಳು, ಕಿವಿ

ಅಪ್ಪ-ಅಮ್ಮನನ್ನು ಜೊತೆಗೆ ಕರೆದುಕೊಂಡೇ ಹೋಗಿ, ಅವರ ಓದುವ ಕನ್ನಡಕ ಮರೆಯಬೇಡಿ. ಅಂಗಡಿಯವರು ಬೆಟ್ಟ-ನದಿಯ ಹೊಳೆಯುವ ವಿಡಿಯೋ ತೋರಿಸುತ್ತಾರೆ. ಅದನ್ನು ಮುಚ್ಚಿಸಿ, ಯಾವುದಾದರೂ ಕನ್ನಡ ಪತ್ರಿಕೆಯ ಜಾಲತಾಣ ತೆರೆಯಿರಿ. ಪರದೆಯನ್ನು ಕಣ್ಣಿನಿಂದ ಒಂದು ತೋಳಿನ ದೂರದಲ್ಲಿ, ಸುಮಾರು 60 ಸೆಂಟಿಮೀಟರಿನಲ್ಲಿಟ್ಟು ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿಸಿ.

ಕನ್ನಡದಲ್ಲೇ ಓದಿಸಬೇಕಾದುದಕ್ಕೆ ಕಾರಣವಿದೆ. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ಕೂತಿರುತ್ತದೆ. 'ರಾಷ್ಟ್ರೀಯ', 'ಸ್ವಾತಂತ್ರ್ಯ' ಎಂಬ ಪದಗಳಲ್ಲಿ ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತು, ಮೇಲೆ ಗುಣಿತ, ಬದಿಗೆ ದೀರ್ಘ; ಅಷ್ಟೂ ಅದೇ ಎತ್ತರದಲ್ಲಿ ಹಿಡಿಯಬೇಕು. 'ಪ'ಕ್ಕೂ 'ಷ'ಕ್ಕೂ ವ್ಯತ್ಯಾಸ ಒಳಗಿನ ಒಂದು ಗೆರೆ. ಇಂಗ್ಲಿಷ್ ಸಲೀಸಾಗಿ ಓದುವ ಗಾತ್ರದಲ್ಲೇ ಕನ್ನಡದ ಒತ್ತು ಕರಗಿ ಒಂದು ಚುಕ್ಕೆಯಾಗಿಬಿಡುತ್ತದೆ. ಓದುವಾಗ ಅವರು ಪದ ಊಹಿಸುತ್ತಿದ್ದರೆ, ಮುಂದಕ್ಕೆ ಬಾಗುತ್ತಿದ್ದರೆ ಪರದೆ ಚಿಕ್ಕದಾಯಿತು ಎಂದರ್ಥ.

ಲೆಕ್ಕವೂ ಇದನ್ನೇ ಹೇಳುತ್ತದೆ. ಫುಲ್ ಎಚ್‌ಡಿ ಎಂದರೆ 14 ಇಂಚಿನಲ್ಲೂ 24 ಇಂಚಿನಲ್ಲೂ ಚುಕ್ಕೆಗಳು 1920 × 1080ವೇ. 14 ಇಂಚಿನಲ್ಲಿ ಪ್ರತಿ ಇಂಚಿಗೆ 157 ಚುಕ್ಕೆ ಒತ್ತೊತ್ತಾಗಿ ಕೂತಿದ್ದರೆ 24 ಇಂಚಿನಲ್ಲಿ 92. ಎರಡರಲ್ಲೂ ಸ್ಕೇಲ್ ಸೆಟ್ಟಿಂಗ್ ಒಂದೇ ಇದ್ದರೆ ಅಕ್ಷರ 1.7 ಪಟ್ಟು ದೊಡ್ಡದು. ಹೆಚ್ಚು ರೆಸಲ್ಯೂಷನ್ನಿಗೆ ಹಣ ಕೊಡುವ ಬದಲು ಹೆಚ್ಚು ಇಂಚಿಗೆ ಕೊಡಿ. ಪರದೆಯ ಮೇಲ್ಮೈ ಮ್ಯಾಟ್ ಇರಲಿ. ಚಾವಡಿಯ ಬಾಗಿಲಿನ ಬೆಳಕು ಹೊಳಪಿನ ಗಾಜಿನಲ್ಲಿ ಕನ್ನಡಿಯಂತೆ ಬೀಳುತ್ತದೆ.

ಪೊರೆಯ ಆಪರೇಷನ್ ಆಗಿ ದೂರದ ದೃಷ್ಟಿಗೆ ಲೆನ್ಸ್ ಹಾಕಿಸಿಕೊಂಡವರಿಗೆ ಇನ್ನೊಂದು ತೊಂದರೆ. ಪುಸ್ತಕ ಓದುವ ಕನ್ನಡಕ 40 ಸೆಂಟಿಮೀಟರಿಗೆ, ಸುಮಾರು +2.5 ಪವರಿನದು, 65 ಸೆಂಟಿಮೀಟರಿನ ಮಾನಿಟರ್ ಅದರಲ್ಲೂ ಮಸುಕು, ಬರಿಗಣ್ಣಿಗೂ ಮಸುಕು. ಆ ದೂರಕ್ಕೆ ಬೇಕಾಗುವುದು ಸುಮಾರು +1.5. ಕಣ್ಣಿನ ಡಾಕ್ಟರಲ್ಲಿ 'ಕಂಪ್ಯೂಟರ್ ದೂರಕ್ಕೆ' ಎಂದು ಹೇಳಿ ಬೇರೆ ಕನ್ನಡಕ ಬರೆಸಿಕೊಂಡರೆ, ಹೊಸ ಯಂತ್ರಕ್ಕೆ ಹಾಕಿದ ಹಣ ಸಾರ್ಥಕ. ಬೈಫೋಕಲ್ ಹಾಕುವವರು ಕೆಳಗಿನ ಭಾಗದಿಂದ ನೋಡಲು ಗಲ್ಲ ಎತ್ತುತ್ತಾರೆ, ಅರ್ಧ ಗಂಟೆಗೆ ಕುತ್ತಿಗೆ ನೋವು. ಅವರಿಗೆ ಮಾನಿಟರನ್ನು ಎಲ್ಲರಿಗಿಂತ ತಗ್ಗಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಿ ಇಡಿ. 'ಕಣ್ಣಿನ ಎತ್ತರಕ್ಕೆ ಇಡಬೇಕು' ಎಂಬ ಸಾಮಾನ್ಯ ಸಲಹೆ ಇಲ್ಲಿ ತಪ್ಪು.

ಬೆರಳಿನ ವಿಷಯ. ವಯಸ್ಸಾದ ಮೇಲೆ ಬೆರಳ ತುದಿ ಒಣಗುತ್ತದೆ, ಟಚ್ ಪರದೆ ಅದನ್ನು ಸರಿಯಾಗಿ ಗುರುತಿಸುವುದಿಲ್ಲ. ಆಗ ಗಟ್ಟಿಯಾಗಿ, ಹೆಚ್ಚು ಹೊತ್ತು ಒತ್ತುತ್ತಾರೆ. ಯಂತ್ರ ಅದನ್ನು 'ಒತ್ತಿ ಹಿಡಿದರು' ಎಂದು ತಿಳಿದು ಬೇರೆಯೇ ಮೆನು ತೆರೆಯುತ್ತದೆ. ಆಂಡ್ರಾಯ್ಡಿನ ಆಕ್ಸೆಸಿಬಿಲಿಟಿಯಲ್ಲಿ 'ಟಚ್ ಅಂಡ್ ಹೋಲ್ಡ್ ಡಿಲೇ' ಎಂಬುದನ್ನು 'ಲಾಂಗ್'ಗೆ ಬದಲಿಸಿದರೆ ಈ ಗೋಳು ಬಹುತೇಕ ನಿಲ್ಲುತ್ತದೆ. ಅಂಗಡಿಯಲ್ಲೇ ಬದಲಿಸಿ, ಅವರ ಬೆರಳಿನಿಂದಲೇ ಹತ್ತು ಸಲ ಒತ್ತಿಸಿ ನೋಡಿ.

ಕಿವಿಗೆ: ತೆಳು ಲ್ಯಾಪ್‌ಟಾಪುಗಳ ಸ್ಪೀಕರ್ ಕೆಳಮುಖವಾಗಿರುತ್ತದೆ, ಮೇಜಿನ ಬಟ್ಟೆಯ ಮೇಲೆ ಇಟ್ಟರೆ ಸ್ವರ ಉಡುಗುತ್ತದೆ. ಯುಎಸ್‌ಬಿ ಸ್ಪೀಕರಿನ ಒಂದು ಜೋಡಿ ಕೊಂಡರೆ ಸಾಕು.

ಒಳಗೆ ಏನಿರಬೇಕು

ಇಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ರ‍್ಯಾಮ್ 8 ಜಿಬಿ, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) 256 ಜಿಬಿ. ಟ್ಯಾಬ್ಲೆಟ್ ಆದರೆ 128 ಜಿಬಿ. ವಿಂಡೋಸ್ 11 ಕಾಗದದ ಮೇಲೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗದಲ್ಲಿ ಓಡುತ್ತದೆ ನಿಜ. ಹಾಗೆಂದು ಅಗ್ಗದ 64 ಜಿಬಿ ಯಂತ್ರ ಕೊಂಡರೆ ವರ್ಷದೊಳಗೆ ಅಪ್‌ಡೇಟಿಗೆ ಜಾಗವಿಲ್ಲದೆ ನಿಲ್ಲುತ್ತದೆ. ಹಳೆಯ ಬಗೆಯ ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರ ಯಾರು ಪುಕ್ಕಟೆ ಕೊಟ್ಟರೂ ಎಸ್‌ಎಸ್‌ಡಿ ಹಾಕಿಸದೆ ಅಪ್ಪನಿಗೆ ಕೊಡಬೇಡಿ. ಆನ್ ಆಗಲು ಎರಡು ಮೂರು ನಿಮಿಷ ತೆಗೆದುಕೊಳ್ಳುವಾಗ ಅವರು ಇನ್ನೊಮ್ಮೆ ಸ್ವಿಚ್ ಒತ್ತುತ್ತಾರೆ, ಅದು ಅರ್ಧದಲ್ಲಿ ಆಫ್ ಆಗುತ್ತದೆ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಬಹುದು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲಿನ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಮತ್ತು ಟಿಪಿಎಂ 2.0 (ಸುರಕ್ಷತೆಯ ಚಿಪ್) ಬೇಕು. ಪ್ರೊಸೆಸರಿನ ಹೆಸರಿನಲ್ಲಿ ಐ5-8250 ಎಂದಿದ್ದರೆ ಮೊದಲ ಅಂಕಿ 8, ಸರಿ. ಐ5-7200 ಎಂದಿದ್ದರೆ 7. ಅದಕ್ಕೆ ಲಿನಕ್ಸ್ ಹಾಕುವ ಯೋಚನೆ ಇದ್ದರೆ ಮಾತ್ರ ಕೊಳ್ಳಿ. ಸೆಟ್ಟಿಂಗ್ಸ್‌ನ 'ಆಕ್ಟಿವೇಷನ್' ಪುಟ ತೆರೆಸಿ ವಿಂಡೋಸ್ ಅಸಲಿಯೇ ಎಂದು ನೋಡಿ. ಕಮಾಂಡ್ ಪ್ರಾಂಪ್ಟಿನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಸಿ. ಹೊಸದರಲ್ಲಿ ಇದ್ದ ಸಾಮರ್ಥ್ಯ, ಈಗಿನ ಪೂರ್ಣ ಚಾರ್ಜ್ ಎರಡೂ ಅದರಲ್ಲಿರುತ್ತದೆ. ಅರ್ಧಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ.

ಕರೆಂಟು, ಸಿಡಿಲು, ತೇವ, ಇರುವೆ

ಇಲ್ಲಿನ ಮನೆಗಳಲ್ಲಿ ಯಂತ್ರ ಕೆಡುವುದಕ್ಕೆ ದೊಡ್ಡ ಕಾರಣ ಸಿಡಿಲು. ಮೇ ತಿಂಗಳ ಸಂಜೆಗಳಲ್ಲೂ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಯಲ್ಲೂ ಅದು ಹೆಚ್ಚು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಸ್ವಿಚ್ಚಿನೊಳಗಿನ ಅಂತರ ಕೆಲವೇ ಮಿಲಿಮೀಟರು, ಸಿಡಿಲಿನ ವೋಲ್ಟೇಜಿಗೆ ಅದು ಲೆಕ್ಕಕ್ಕಿಲ್ಲ. ಇನ್ನೊಂದು ದಾರಿ ಇಂಟರ್‌ನೆಟ್ಟಿನದು. ಫೈಬರ್ ಕೇಬಲಿನ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ಮೋಡೆಮಿನ ಅಡಾಪ್ಟರ್ ಪ್ಲಗ್ಗಿನಲ್ಲೇ ಇದ್ದರೆ ಅದರ ಮೂಲಕ ಬಂದ ಹೊಡೆತ ಲ್ಯಾನ್ ಕೇಬಲ್ ಹಿಡಿದು ಲ್ಯಾಪ್‌ಟಾಪಿಗೂ ತಲುಪುತ್ತದೆ. ಹಾಗಾಗಿ ವೈಫೈಯೇ ಇರಲಿ, ಲ್ಯಾನ್ ಕೇಬಲ್ ಬೇಡ. ಕಂಪ್ಯೂಟರಿನದೂ ಮೋಡೆಮಿನದೂ ಪ್ಲಗ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಆ ಬೋರ್ಡಿನ ಪ್ಲಗ್ಗಿಗೆ ಕೆಂಪು ಟೇಪ್ ಸುತ್ತಿ. "ಮೋಡ ಕವಿದರೆ, ಗುಡುಗು ಶುರುವಾಗುವ ಮೊದಲೇ ಕೆಂಪು ಪ್ಲಗ್ ಕೀಳುವುದು" ಎಂದರೆ ಅಮ್ಮನಿಗೆ ಒಂದೇ ಕೆಲಸ. ಕೂತಲ್ಲಿಂದ ಕೈಗೆಟಕುವಷ್ಟು ಎತ್ತರದಲ್ಲಿ ಆ ಪಾಯಿಂಟ್ ಇರಲಿ. ಮೇಜಿನಡಿಗೆ ಬಗ್ಗಿ ಕೀಳುವುದು ಎಪ್ಪತ್ತು ದಾಟಿದ ಸೊಂಟಕ್ಕೆ ಆಗುವ ಮಾತಲ್ಲ.

ಡೆಸ್ಕ್‌ಟಾಪ್ ಕೊಂಡಿದ್ದರೆ 600 ವಿಎ ಯುಪಿಎಸ್ ಹಾಕಿ, ಸರಿಯಾಗಿ ಮುಚ್ಚಲು ಬೇಕಾದ ಹತ್ತು ನಿಮಿಷ ಸಿಗುತ್ತದೆ. ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಬದಲಿಸುವಂಥದ್ದು. ಮನೆಯ ಇನ್ವರ್ಟರಿನಲ್ಲೇ ಓಡಿಸುವುದಾದರೆ ಅದರ ಹಿಂಬದಿಯ ಸ್ವಿಚ್ 'ಯುಪಿಎಸ್' ಕಡೆಗಿದೆಯೇ ನೋಡಿ; ಇಲ್ಲದಿದ್ದರೆ ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಕ್ಷಣದಲ್ಲೇ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಿಬಿಡುತ್ತದೆ. ಚಾರ್ಜ್ ಆಗುವಾಗ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಆ ಪಾಯಿಂಟಿನ ಅರ್ತಿಂಗ್ ಪರೀಕ್ಷಿಸಲು ಇಲೆಕ್ಟ್ರಿಶಿಯನ್‌ನನ್ನು ಕರೆಸಿ.

ಆಟಿ ತಿಂಗಳ ಮಳೆಯ ತೇವಕ್ಕೆ ಮದ್ದು ಬಳಕೆಯೇ. ದಿನಕ್ಕೆ ಅರ್ಧ ಗಂಟೆ ಆನ್ ಇದ್ದರೆ ಒಳಗಿನ ಬಿಸಿಯೇ ಒಣಗಿಸುತ್ತದೆ. ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟ ಯಂತ್ರಕ್ಕೇ ಬೂಸು ಹಿಡಿಯುವುದು. ಸಣ್ಣ ಇರುವೆಗಳು ಬೆಚ್ಚಗಿನ ಲ್ಯಾಪ್‌ಟಾಪಿನೊಳಗೆ ಗೂಡು ಕಟ್ಟುತ್ತವೆ. ಆ ಮೇಜಿನ ಮೇಲೆ ಚಾ, ಬಿಸ್ಕತ್ತು ಬೇಡ. ಗೋಡೆಗೆ ತಾಗಿಸಿಯೂ ಇಡಬೇಡಿ.

ಮುರಕಲ್ಲಿನ ದಪ್ಪ ಗೋಡೆಗಳನ್ನು ದಾಟಲು 5 ಗಿಗಾಹರ್ಟ್ಸ್ ವೈಫೈಗೆ ಕಷ್ಟ. ಯಂತ್ರವನ್ನು 2.4 ಗಿಗಾಹರ್ಟ್ಸಿನ ಹೆಸರಿಗೇ ಸೇರಿಸಿ, ಇನ್ನೊಂದನ್ನು 'ಮರೆತುಬಿಡು' ಮಾಡಿ.

ಕೈಗೆ ಕೊಡುವ ಮೊದಲು ಹೊಂದಿಸಬೇಕಾದದ್ದು

ವಿಂಡೋಸ್ ಎಂದು ಇಟ್ಟುಕೊಂಡು ಹೇಳುತ್ತೇವೆ. ಇದಕ್ಕೆ ಒಂದು ಪೂರ್ತಿ ಮಧ್ಯಾಹ್ನ ಬೇಕು, ಹೊರಡುವ ದಿನ ಬೆಳಿಗ್ಗೆ ಮಾಡುವ ಕೆಲಸವಲ್ಲ.

1. ಎಲ್ಲ ಅಪ್‌ಡೇಟ್ ಮುಗಿಸಿ. ಆಂಟಿವೈರಸ್ ಟ್ರಯಲ್, ಆಟಗಳು, ಕಂಪನಿ ತುಂಬಿಸಿಕೊಟ್ಟ ಜಾಹೀರಾತಿನ ಸಾಫ್ಟ್‌ವೇರುಗಳನ್ನು ತೆಗೆದುಹಾಕಿ. ವಿಂಡೋಸಿನ ಸ್ವಂತ ಡಿಫೆಂಡರ್ ಸಾಕು. 'ನಿಮ್ಮ ರಕ್ಷಣೆ ಮುಗಿಯಿತು, ಹಣ ಕಟ್ಟಿ' ಎಂದು ಹೆದರಿಸುವುದು ಆ ಟ್ರಯಲ್‌ಗಳೇ.

2. ಎರಡು ಖಾತೆ ಮಾಡಿ: ಅಡ್ಮಿನಿಸ್ಟ್ರೇಟರ್ ನಿಮ್ಮದು, ಅಪ್ಪನದು 'ಸ್ಟ್ಯಾಂಡರ್ಡ್'. ಹೊಸ ಸಾಫ್ಟ್‌ವೇರ್ ಯಂತ್ರದೊಳಗೆ ನುಗ್ಗಲು ಹೊರಟರೆ ಹೆಚ್ಚಾಗಿ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಅಪ್ಪನ ಖಾತೆಗೆ ಅಂಕಿಗಳ ಪಿನ್ ಇಡಿ. ಅಂಕಿ ಬೀಳದಿದ್ದರೆ 'ನಮ್ ಲಾಕ್' ಆರಿರುತ್ತದೆ, ಅದನ್ನು ಕೀಬೋರ್ಡಿನ ಮೇಲೆ ಬಣ್ಣದ ಚುಕ್ಕೆಯಿಂದ ಗುರುತಿಸಿ.

3. ಡಿಸ್‌ಪ್ಲೇಯಲ್ಲಿ ಸ್ಕೇಲ್ 125 ಅಥವಾ 150 ಶೇಕಡಾ. ಆಕ್ಸೆಸಿಬಿಲಿಟಿಯ 'ಟೆಕ್ಸ್ಟ್ ಸೈಜ್' 225ರವರೆಗೂ ಹೋಗುತ್ತದೆ, ಆದರೆ 140 ದಾಟಿದರೆ ಕೆಲವು ಕಿಟಕಿಗಳಲ್ಲಿ 'ಓಕೆ' ಗುಂಡಿಯೇ ಪರದೆಯ ಹೊರಗೆ ಹೋಗುತ್ತದೆ. ಮೊದಲು ಸ್ಕೇಲ್ ಹೆಚ್ಚಿಸಿ, ಸಾಲದಿದ್ದರೆ ಮಾತ್ರ ಇದು. ಕ್ರೋಮಿನ ಪೇಜ್ ಜೂಮ್ 125.

4. ಮೌಸ್ ಬಾಣವನ್ನು ದೊಡ್ಡದು ಮಾಡಿ, ಕಪ್ಪು ಅಥವಾ ಹಳದಿ ಬಣ್ಣ ಕೊಡಿ. ಕೈ ನಡುಗುವವರಿಗೆ ಡಬಲ್ ಕ್ಲಿಕ್ ಆಗುವುದಿಲ್ಲ; ಎರಡು ಒತ್ತುಗಳ ನಡುವೆ ಬಾಣ ಸರಿದು ಫೈಲ್ ಇನ್ನೆಲ್ಲೋ ಎಳೆದು ಹೋಗುತ್ತದೆ. ಫೋಲ್ಡರ್ ಆಪ್ಷನ್ಸಿನಲ್ಲಿ ಒಂದೇ ಕ್ಲಿಕ್ಕಿಗೆ ತೆರೆಯುವಂತೆ ಬದಲಿಸಿ. ಮೌಸ್ ಇರುವಾಗ ಟಚ್‌ಪ್ಯಾಡ್ ಆಫ್ ಆಗುವಂತೆ ಮಾಡಿ, ಇಲ್ಲದಿದ್ದರೆ ಟೈಪ್ ಮಾಡುವಾಗ ಅಂಗೈ ತಾಗಿ ಅಕ್ಷರ ಬೇರೆ ಸಾಲಿಗೆ ಹಾರುತ್ತದೆ.

5. ಕೀಲಿಯನ್ನು ಒತ್ತಿ ಬೇಗ ಬಿಡಲಾಗದವರಿಗೆ 'ಕಕಕಕಕ' ಎಂದು ಬೀಳುತ್ತದೆ. ಕೀಬೋರ್ಡ್ ಸೆಟ್ಟಿಂಗಿನಲ್ಲಿ 'ರಿಪೀಟ್ ಡಿಲೇ'ಯನ್ನು ಲಾಂಗ್ ಮಾಡಿ. ಶಿಫ್ಟ್ ಐದು ಸಲ ಒತ್ತಿದಾಗ ಎದ್ದು ಬರುವ 'ಸ್ಟಿಕಿ ಕೀಸ್' ಪ್ರಶ್ನೆಯನ್ನೂ ಆಫ್ ಮಾಡಿ.

6. ಕ್ರೋಮಿನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ ಕೇಳುವುದನ್ನೇ ನಿಷೇಧಿಸಿ. ಹೆಚ್ಚಿನವರು ಬಿಡುವ ಹೆಜ್ಜೆ ಇದು, ಆದರೆ ಬಹಳ ಮುಖ್ಯ. ಪತ್ರಿಕೆ ಓದುವಾಗ ಎಲ್ಲಿಯೋ 'ಅಲೋ' ಒತ್ತಿರುತ್ತಾರೆ, ಮರುದಿನದಿಂದ ಪರದೆಯ ಮೂಲೆಯಲ್ಲಿ ವೈರಸ್ ಬಂದಿದೆ ಎಂಬ ಸುಳ್ಳು ಸೂಚನೆಗಳ ಮಳೆ.

7. ಡೆಸ್ಕ್‌ಟಾಪಿನ ಮೇಲೆ ಐದಾರು ಐಕಾನ್ ಸಾಕು. ಹೆಸರನ್ನು ಕನ್ನಡಕ್ಕೆ ಬದಲಿಸಿ: 'ಪತ್ರಿಕೆ', 'ಯಕ್ಷಗಾನ', 'ಮಕ್ಕಳೊಡನೆ ಮಾತು', 'ತೋಟದ ಲೆಕ್ಕ'.

8. ಗೂಗಲ್ ಖಾತೆಯ ರಿಕವರಿ ನಂಬರಾಗಿ ನಿಮ್ಮ ಗಲ್ಫ್ ಸಿಮ್ ಕೊಡಬೇಡಿ. ಕೆಲಸ ಬದಲಾದಾಗ ಆ ನಂಬರ್ ಹೋಗುತ್ತದೆ, ಜೊತೆಗೆ ಅಪ್ಪನ ಖಾತೆಯೂ ಸಿಗದಂತಾಗುತ್ತದೆ. ಊರಿನಲ್ಲೇ ಉಳಿಯುವ ನಂಬರ್ ಕೊಡಿ. ಪಾಸ್‌ವರ್ಡುಗಳನ್ನು ನೋಟ್‌ಪುಸ್ತಕದಲ್ಲಿ ಬರೆದು ಕಪಾಟಿನಲ್ಲಿಡುವುದು ಈ ವಯಸ್ಸಿನವರಿಗೆ ಒಳ್ಳೆಯ ಕ್ರಮವೇ. ಬ್ಯಾಂಕಿನ ಪಿನ್ ಮಾತ್ರ ಅದರಲ್ಲಿ ಬೇಡ.

ಕಂಪ್ಯೂಟರಿನಲ್ಲಿ ವಾಟ್ಸಾಪ್ ಜೋಡಿಸಿದ್ದರೆ ಒಂದು ನೆನಪಿರಲಿ: ಫೋನಿನಲ್ಲಿ 14 ದಿನ ವಾಟ್ಸಾಪ್ ತೆರೆಯದಿದ್ದರೆ ಕಂಪ್ಯೂಟರಿನದು ತಾನಾಗಿ ಹೊರಬಂದು ಮತ್ತೆ ಕ್ಯೂಆರ್ ಚೌಕ ತೋರಿಸುತ್ತದೆ. ವಿಡಿಯೋ ಕರೆಯಲ್ಲಿ ಪರದೆ ಕಪ್ಪಾಗಿದ್ದರೆ ಹತ್ತರಲ್ಲಿ ಎಂಟು ಸಲ ಕ್ಯಾಮೆರಾದ ಮೇಲಿನ ಸಣ್ಣ ಮುಚ್ಚಳ ಸರಿದಿರುತ್ತದೆ.

ಕನ್ನಡದಲ್ಲಿ ಬರೆಯುವುದು, ಮಲಯಾಳದ ಕಾಗದ ಓದುವುದು

ಇಂಗ್ಲಿಷ್ ಅಕ್ಷರ ಗೊತ್ತಿದ್ದವರಿಗೆ ವಿಂಡೋಸಿನ 'ಕನ್ನಡ ಫೊನೆಟಿಕ್' ಕೀಬೋರ್ಡ್ ಸುಲಭ. ಲ್ಯಾಂಗ್ವೇಜ್ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿ, ಅದರ ಆಪ್ಷನ್ಸಿನಲ್ಲಿ ಫೊನೆಟಿಕ್ ಆರಿಸಿದರೆ ಆಯಿತು. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ನುಡಿಯಲ್ಲಿ ಕೈ ಪಳಗಿದ ಮೇಷ್ಟ್ರುಗಳಿಗೆ ಅದೇ ವಿನ್ಯಾಸ ಇರಲಿ, ಈ ವಯಸ್ಸಿನಲ್ಲಿ ಬೆರಳ ಅಭ್ಯಾಸ ಬದಲಿಸುವುದು ಬೇಡ. ಎಲ್ಲ ಯಂತ್ರಗಳಲ್ಲೂ ಓದಬಹುದಾದ ಯೂನಿಕೋಡಿನಲ್ಲಿ ಉಳಿಸಲು ಮಾತ್ರ ಹೇಳಿಕೊಡಿ.

ಟೈಪಿಂಗೇ ಬೇಡ ಎನ್ನುವವರಿಗೆ ಗೂಗಲ್ ಡಾಕ್ಸಿನ ಧ್ವನಿ ಟೈಪಿಂಗ್, ಟ್ಯಾಬ್ಲೆಟ್ಟಿನಲ್ಲಿ ಜಿಬೋರ್ಡಿನ ಮೈಕ್. ಅದಕ್ಕೆ ತಿಳಿಯುವುದು ಪುಸ್ತಕದ ಕನ್ನಡ. 'ಎಂತ ಮಾಡ್ತಾ ಇದ್ದಿ' ಎಂದರೆ ಏನೇನೋ ಬರೆಯುತ್ತದೆ, 'ಏನು ಮಾಡುತ್ತಿದ್ದೀಯ' ಎಂದರೆ ಸರಿಯಾಗಿ ಬರುತ್ತದೆ. ತಾಳಮದ್ದಳೆಯಲ್ಲಿ ಅರ್ಥ ಹೇಳುವ ಅಭ್ಯಾಸವಿದ್ದವರಿಗೆ ಇದು ನೀರು ಕುಡಿದಷ್ಟು ಸುಲಭ.

ಮಲಯಾಳ ಮಾತು ಬರುತ್ತದೆ, ಲಿಪಿ ಬಾರದು ಎಂಬವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಜಾಲತಾಣದ ಪುಟವಾದರೆ ಕ್ರೋಮಿನಲ್ಲಿ ಬಲ ಕ್ಲಿಕ್ ಮಾಡಿ ಕನ್ನಡಕ್ಕೆ ಅನುವಾದಿಸಬಹುದು. ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್ ಹಾಗೆ ಬದಲಾಗುವುದಿಲ್ಲ, ಅದು ಬರಿಯ ಚಿತ್ರ. ಪಂಚಾಯತಿನ ನೋಟೀಸಿಗೂ ಕರೆಂಟ್ ಬಿಲ್ಲಿಗೂ ಫೋನಿನ ಗೂಗಲ್ ಲೆನ್ಸ್ ಹಿಡಿಯುವುದೇ ಮೇಲು. ತಾರೀಕು, ಮೊತ್ತ ತಿಳಿಯಲು ಸಾಕು. ಜಾಗದ ದಾಖಲೆಯನ್ನು ಮಾತ್ರ ಈ ಅನುವಾದದ ಮೇಲೆ ನಂಬಿ ಸಹಿ ಹಾಕಬಾರದು.

ಮೋಸಗಾರರ ಬಾಗಿಲು ಮುಚ್ಚುವುದು

ಮೋಸಗಾರರು ವಯಸ್ಸಾದವರಿಂದ ಮೊದಲು ಕೇಳುವುದು ಪರದೆಯನ್ನು. 'ಈ ಆ್ಯಪ್ ಹಾಕಿ, ಕೋಡ್ ಹೇಳಿ' ಎನ್ನುತ್ತಾರೆ. ದೂರದಿಂದ ಸಹಾಯ ಮಾಡಲು ನೀವೂ ಅದನ್ನೇ ಕೇಳುತ್ತಿದ್ದರೆ ಅಪ್ಪನಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ಆದ್ದರಿಂದ ಊರಲ್ಲಿರುವಾಗಲೇ ಕ್ರೋಮ್ ರಿಮೋಟ್ ಡೆಸ್ಕ್‌ಟಾಪನ್ನು ನಿಮ್ಮ ಗೂಗಲ್ ಖಾತೆಯಲ್ಲಿ, ಆರಂಕಿಗಿಂತ ಉದ್ದದ ಪಿನ್ ಇಟ್ಟು ಹೊಂದಿಸಿಬಿಡಿ. ಆಮೇಲೆ ಅತ್ತ ಕಡೆ ಕಂಪ್ಯೂಟರ್ ಆನ್ ಇದ್ದರೆ ಸಾಕು, ಕೋಡ್ ಕೇಳುವ ಪ್ರಮೇಯವಿಲ್ಲ. ಆಗ ಮನೆಗೆ ಒಂದೇ ನಿಯಮ ಹೇಳಬಹುದು: "ಅಪ್ಪಾ, ಕೋಡ್ ಯಾರು ಕೇಳಿದರೂ ಕೊಡಬೇಡಿ. ನಾನೂ ಕೇಳುವುದಿಲ್ಲ." ವಾಟ್ಸಾಪ್ ವಿಡಿಯೋ ಕರೆಯಲ್ಲೂ ಪರದೆ ಹಂಚುವ ಗುಂಡಿ 2023ರಿಂದ ಇದೆ, ಅಪರಿಚಿತರು ಅದನ್ನು ಒತ್ತಿಸಿದರೆ ಬರುವ ಒಟಿಪಿಯೆಲ್ಲ ಅವರಿಗೆ ಕಾಣುತ್ತದೆ.

ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಕೂರಿಸುವ ಕ್ರಮ ನಮ್ಮ ಕಾನೂನಿನಲ್ಲೇ ಇಲ್ಲ. ಹಣ ಹೋಗಿದ್ದರೆ ನಾಚಿಕೆಯಿಂದ ಸುಮ್ಮನಿರಬಾರದು, ಕೂಡಲೇ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. 1930 ಎಂಬುದನ್ನು ಮಾನಿಟರಿನ ಅಂಚಿಗೆ ಬರೆದು ಅಂಟಿಸಿ. ಪರದೆ ತುಂಬ ಕೆಂಪು ಎಚ್ಚರಿಕೆ ಬಂದು ಸೈರನ್ ಕೂಗಿದರೆ ಪವರ್ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿಯುವುದು. ಯಂತ್ರ ಆರುತ್ತದೆ, ಏನೂ ಹಾಳಾಗುವುದಿಲ್ಲ. ನೀವಿರುವಾಗಲೇ ಒಮ್ಮೆ ಅವರಿಂದ ಹಾಗೆ ಮಾಡಿಸಿ ನೋಡಿ.

ಮೊದಲ ತಿಂಗಳು

ದಿನಕ್ಕೆ ಒಂದೇ ಕೆಲಸ, ಇಪ್ಪತ್ತು ನಿಮಿಷ. ಮೊದಲ ವಾರ ಆನ್ ಮಾಡುವುದು, ಯಕ್ಷಗಾನ ಹಾಕುವುದು, ಆಫ್ ಮಾಡುವುದು ಇಷ್ಟೇ. ಮೌಸ್ ಅವರ ಕೈಯಲ್ಲೇ ಇರಲಿ. 'ಕೊಡಿ ಇಲ್ಲಿ' ಎಂದು ನೀವು ಕಿತ್ತುಕೊಂಡ ಕ್ಷಣಕ್ಕೆ ಪಾಠ ಮುಗಿಯಿತು.

ಹೆಜ್ಜೆಗಳನ್ನು ಬರೆದುಕೊಳ್ಳಬೇಕಾದವರು ಅವರು, ಅವರದೇ ಮಾತಿನಲ್ಲಿ. ನೀವು ಪ್ರಿಂಟ್ ಮಾಡಿಕೊಟ್ಟ 'ಬ್ರೌಸರ್ ಐಕಾನ್ ಕ್ಲಿಕ್ಕಿಸಿ' ಎಂಬುದಕ್ಕಿಂತ ಅಮ್ಮನ ಕೈಬರಹದ 'ಬಣ್ಣದ ಚಕ್ರ ಒಂದು ಸಲ ಒತ್ತುವುದು, ಬಿಳಿ ಬರುವವರೆಗೆ ಕಾಯುವುದು' ಎಂಬುದು ನೂರು ಪಾಲು ಕೆಲಸಕ್ಕೆ ಬರುತ್ತದೆ. 'ಕಾಯುವುದು' ಎಂಬ ಪದ ಬಿಡದಂತೆ ನೋಡಿಕೊಳ್ಳಿ. ಕಾಯದೆ ಮತ್ತೆ ಮತ್ತೆ ಒತ್ತಿ ಹತ್ತು ಕಿಟಕಿ ತೆರೆಯುವುದೇ ಹೊಸಬರ ದೊಡ್ಡ ಕಷ್ಟ.

ಫೋನಿನಲ್ಲಿ ಸಹಾಯ ಕೇಳಿದಾಗ "ಏನು ಮಾಡಿದಿರಿ?" ಎಂದು ಶುರು ಮಾಡಬೇಡಿ, ಅದು ತಪ್ಪು ಹುಡುಕಿದಂತೆ ಕೇಳುತ್ತದೆ. "ಅಮ್ಮಾ, ಈಗ ಪರದೆಯಲ್ಲಿ ಎಂತ ಬರೆದಿದೆ, ಓದಿ ಹೇಳು" ಎನ್ನಿ. ಇಂಗ್ಲಿಷ್ ಓದಲು ಕಷ್ಟವಾದರೆ ಫೋನಿನಿಂದ ಒಂದು ಫೋಟೋ ತೆಗೆದು ಕಳಿಸಲಿ. ಅವರು ಕಳಿಸುವ ಆ ಓರೆಯಾದ ಫೋಟೋಗಳನ್ನು ಅಳಿಸದೆ ಇಟ್ಟುಕೊಳ್ಳಿ. ತಿಂಗಳ ಕೊನೆಗೆ ಒಟ್ಟಿಗೆ ನೋಡಿದರೆ ಎರಡು ಮೂರು ಕಿಟಕಿಗಳೇ ಮತ್ತೆ ಮತ್ತೆ ಬಂದಿರುತ್ತವೆ. ರಿಮೋಟಿನಲ್ಲಿ ಒಳಹೊಕ್ಕು ಅವುಗಳನ್ನು ಬರದಂತೆ ಆಫ್ ಮಾಡಿ, ಬೇರೇನನ್ನೂ ಬದಲಿಸದೆ ಹೊರಬನ್ನಿ. ಐಕಾನನ್ನು ಒಂದಿಂಚು ಸರಿಸಿದರೂ ನೋಟ್‌ಪುಸ್ತಕದಲ್ಲಿ ಬರೆದದ್ದು ತಪ್ಪಾಗುತ್ತದೆ.